ಪಾಠಕ್ಕೆ ಕೂಲಿ ಸರಿ, ಭರವಸೆಗೆ ಬೆಲೆ ಸರಿಯೇ?

ಸಂತೆಯಲ್ಲಿ ಅಕ್ಕಿ ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂಬ ಗೊಂದಲವಿರುವುದಿಲ್ಲ. ಹಿಡಿಯಲ್ಲಿ ತೆಗೆದು ನೋಡುತ್ತಾನೆ, ಎರಡು ಕಾಳು ಬಾಯಿಗೆ ಹಾಕಿ ಕಡಿಯುತ್ತಾನೆ, ತಕ್ಕಡಿಯ ಮೇಲೆ ಕಣ್ಣಿಡುತ್ತಾನೆ, ಆಮೇಲೆ ಹಣ ಕೊಡುತ್ತಾನೆ. ಆದರೆ ಮಾರಾಟವಾಗುವ ವಸ್ತು ವಿದ್ಯೆಯಾದಾಗ, ಸಲಹೆಯಾದಾಗ ತಕ್ಕಡಿ ಎಲ್ಲಿದೆ? ಕೊಟ್ಟ ಹಣಕ್ಕೆ ಸಿಕ್ಕಿದ್ದೇನು ಎಂದು ಕೊಂಡವನಿಗೆ ತಿಳಿಯುವುದು ಹೇಗೆ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ನಮ್ಮ ಊರುಗಳಲ್ಲೇ ಕಾಣಸಿಗುವ ಒಂದು ಉದಾಹರಣೆಯ ಮೂಲಕ ತುಸು ಆಳವಾಗಿ ಯೋಚಿಸೋಣ.

ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿರುವ ಯುವಕನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಯುವತಿಯೂ ಆಗಬಹುದು. ಸಂಜೆ ಹೊತ್ತು ಆತ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಾನೆ. ನೀಟ್ ಪರೀಕ್ಷೆಗೆ ಸಿದ್ಧಗೊಳಿಸುತ್ತಾನೆ. ಫಲಿತಾಂಶ ಬಂದ ಮೇಲೆ ಅರ್ಜಿ ತುಂಬಲು, ಕಾಲೇಜುಗಳ ಪಟ್ಟಿ ಮಾಡಲು, ಸೀಟು ಪಡೆಯಲು ನೆರವಾಗುತ್ತೇನೆ ಎನ್ನುತ್ತಾನೆ. ಇವೆಲ್ಲಕ್ಕೂ ಶುಲ್ಕ ಪಡೆಯುತ್ತಾನೆ. ಇದರಲ್ಲಿ ಚರ್ಚಿಸಲು ಏನಿದೆ, ದುಡಿದ, ಹಣ ಪಡೆದ, ಮುಗಿಯಿತಲ್ಲ ಎಂದು ನೀವು ಕೇಳಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಆತ ಒಂದೇ ಶುಲ್ಕದಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಮಾರುತ್ತಿರಬಹುದು: ಪಾಠ, ಸಲಹೆ, ಭರವಸೆ, ಮತ್ತು ಕೆಲವೊಮ್ಮೆ ತನ್ನನ್ನೇ. ಈ ನಾಲ್ಕಕ್ಕೂ ಒಂದೇ ತೀರ್ಪು ಕೊಡಲಾಗದು.

ಪಾಠದ ಕೂಲಿ

ಮೊದಲು ಪಾಠವನ್ನು ತೆಗೆದುಕೊಳ್ಳೋಣ. ವೈದ್ಯಕೀಯ ವಿದ್ಯಾರ್ಥಿಯ ಪಾಠಕ್ಕೆ ಬೆಲೆಯಿದೆ ಎಂಬುದರಲ್ಲಿ ಸಂದೇಹವಿಲ್ಲ. 2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿದ್ದವು, 180 ನಿಮಿಷಗಳಿದ್ದವು. ಅಂದರೆ ಪ್ರಶ್ನೆಗೊಂದು ನಿಮಿಷ. ಅವುಗಳಲ್ಲಿ 90 ಪ್ರಶ್ನೆಗಳು ಜೀವಶಾಸ್ತ್ರದವು. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಯಾವ ಪ್ರಶ್ನೆಯನ್ನು ಬಿಡಬೇಕು, ಎಲ್ಲಿ ಊಹಿಸಬಾರದು, ಎನ್‌ಸಿಇಆರ್‌ಟಿ ಪುಸ್ತಕದ ಯಾವ ಚಿತ್ರವನ್ನು ಗೆರೆ ಗೆರೆಯಾಗಿ ನೆನಪಿಡಬೇಕು ಎಂಬುದನ್ನು ಎರಡು ವರ್ಷಗಳ ಹಿಂದೆ ಅದೇ ಹಾದಿಯಲ್ಲಿ ನಡೆದವನು ಚೆನ್ನಾಗಿ ಬಲ್ಲ. ಎಡವಿದ ಕಲ್ಲಿನ ನೆನಪು ಅವನ ಕಾಲಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಎಷ್ಟೋ ಸಲ ಅವನೂ ಬಡ ಮನೆಯ ಮಗ. ತಂದೆಯ ಮುಂದೆ ಕೈಚಾಚುವ ಬದಲು ಪುಸ್ತಕದ ಖರ್ಚನ್ನೂ ಊಟದ ಖರ್ಚನ್ನೂ ತಾನೇ ದುಡಿದುಕೊಳ್ಳುವುದು ಗೌರವದ ಕೆಲಸ.

ಆದರೂ ವಿದ್ಯೆಗೆ ಹಣ ಪಡೆಯಬಹುದೇ ಎಂಬ ಪ್ರಶ್ನೆ ಹಳೆಯದು. ವೈದ್ಯರು ಇಂದಿಗೂ ಹೆಸರು ಹೇಳುವ ಗ್ರೀಕರ ಹಿಪೊಕ್ರೆಟಿಸ್ ಪ್ರತಿಜ್ಞೆಯಲ್ಲಿ, ತನಗೆ ಕಲಿಸಿದ ಗುರುವಿನ ಮಕ್ಕಳಿಗೆ ಈ ಕಲೆಯನ್ನು ಶುಲ್ಕವಿಲ್ಲದೆ ಕಲಿಸುವ ಮಾತು ಸೇರಿದೆ. ನಮ್ಮ ವಿದ್ವಾಂಸರೂ ಇದನ್ನು ಚರ್ಚಿಸಿದ್ದಾರೆ. ಹನಫೀ ಮದ್‌ಹಬ್‌ನ ಆರಂಭದ ವಿದ್ವಾಂಸರು ಕುರ್‌ಆನ್ ಕಲಿಸಲು ವೇತನ ಪಡೆಯುವುದನ್ನು ಒಪ್ಪಿರಲಿಲ್ಲ. ಅದು ಆರಾಧನೆ, ಆರಾಧನೆಗೆ ಕೂಲಿಯಿಲ್ಲ ಎಂಬುದು ಅವರ ನಿಲುವಾಗಿತ್ತು. ಮುಂದೆ ಅಧ್ಯಾಪಕರಿಗೆ ಸಾರ್ವಜನಿಕ ಖಜಾನೆಯ ನೆರವು ನಿಂತು, ಕಲಿಸುವವರೇ ಇಲ್ಲವಾಗುವ ಭಯ ಬಂದಾಗ ನಂತರದವರು ಅದನ್ನು ಅನುಮತಿಸಿದರು. ಶಾಫಿಈ ಮದ್‌ಹಬ್ ಅದನ್ನು ಮೊದಲಿನಿಂದಲೂ ಅನುಮತಿಸಿತ್ತು. ಓದು ಬರಹದಂಥ ಲೌಕಿಕ ವಿದ್ಯೆಯ ವಿಷಯದಲ್ಲಂತೂ ದಾರಿ ಇನ್ನೂ ವಿಶಾಲ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಬಿಡುಗಡೆಯ ಹಣ ಕೊಡಲಾಗದ ಅಕ್ಷರಸ್ಥರಿಗೆ ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಪರಿಹಾರವಾಗಿ ಪ್ರವಾದಿ(ಸ) ನಿಗದಿಪಡಿಸಿದರೆಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಕಲಿಸುವ ಶ್ರಮಕ್ಕೆ ಒಂದು ಮೌಲ್ಯವಿದೆ ಎಂದು ಒಪ್ಪದೆ ಹೀಗೆ ಮಾಡಲು ಸಾಧ್ಯವಿತ್ತೇ?

ಪಾಠ ಹೇಳಿ ಸಂಬಳ ಪಡೆಯುವ ನನ್ನಂಥವನಿಗೆ ಈ ಚರ್ಚೆಯಲ್ಲಿ ಸ್ವಾರ್ಥವೂ ಇದೆಯೆಂದು ನೀವು ನಗಬಹುದು. ಇರಲಿ. ಆದರೆ ವಿದ್ವಾಂಸರು ತಲುಪಿದ ಸ್ಥಳವನ್ನು ಗಮನಿಸಿ. ಕೂಲಿ ಕೊಡುವುದು ಜ್ಞಾನಕ್ಕಲ್ಲ, ಕಲಿಸುವವನು ಬೇರೆ ದುಡಿಮೆ ಬಿಟ್ಟು ಕೊಟ್ಟ ಸಮಯಕ್ಕೆ, ಪಟ್ಟ ಶ್ರಮಕ್ಕೆ. ಹಾಗಾದರೆ ಪಾಠದ ತಕ್ಕಡಿ ಸಿಕ್ಕಿತು. ಒಂದು ಗಂಟೆಯ ಪಾಠಕ್ಕೆ ಒಂದು ಗಂಟೆಯ ಪ್ರಾಮಾಣಿಕ ಪಾಠ. ಗಡಿಯಾರ ನೋಡುತ್ತ ಕುಳಿತವನು, ಸಿದ್ಧತೆಯಿಲ್ಲದೆ ಬಂದವನು, ಕೋರ್ಸು ಉದ್ದವಾಗಲೆಂದು ಪಾಠವನ್ನು ಎಳೆಯುವವನು ತೂಕದಲ್ಲಿ ಕಡಿತ ಮಾಡಿದ ವರ್ತಕನೇ. ಅಳೆದು ಕೊಳ್ಳುವಾಗ ಪೂರ್ತಿ ಪಡೆದು, ಅಳೆದು ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಸೂರಃ ಅಲ್ ಮುತಫ್ಫಿಫೀನ್ ಕೊಟ್ಟಿರುವ ಎಚ್ಚರಿಕೆ ಧಾನ್ಯದ ಅಂಗಡಿಗೆ ಮಾತ್ರ ಸೀಮಿತವಲ್ಲ.

ಸಲಹೆ ಎಂಬ ಅಮಾನತ್

ಎರಡನೆಯದು ಸಲಹೆ. ಇಲ್ಲಿ ವಿಷಯ ಜಟಿಲವಾಗುತ್ತದೆ.

ಕರ್ನಾಟಕದ ಪರೀಕ್ಷಾ ಪ್ರಾಧಿಕಾರ ನಡೆಸುವ ಸೀಟು ಹಂಚಿಕೆಯನ್ನೇ ನೋಡಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿ ಕೋರುವ ಅವಕಾಶವಿದೆ. ಅದಕ್ಕೆ ನಿಗದಿತ ನಮೂನೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಬೇಕು. ಸೀಟು ಹಂಚಿಕೆಯಾದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ. ಈ ಸೀಟೇ ಸಾಕು ಎನ್ನುವುದು ಮೊದಲನೆಯದು. ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು ಎನ್ನುವುದು ಎರಡನೆಯದು. ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎನ್ನುವುದು ಮೂರನೆಯದು. ಹೊರಗುಳಿಯುತ್ತೇನೆ ಎನ್ನುವುದು ನಾಲ್ಕನೆಯದು. ಇವುಗಳ ವ್ಯತ್ಯಾಸ ತಿಳಿಯದೆ ಒಂದು ಗುಂಡಿ ಒತ್ತಿದ ಬೀಡಿ ಕಾರ್ಮಿಕರ ಮಗಳು ಕೈಗೆ ಬಂದ ಸೀಟನ್ನು ಕಳೆದುಕೊಳ್ಳಬಹುದು. ಎರಡು ವರ್ಷ ಹಗಲಿರುಳೆನ್ನದೆ ಓದಿದ್ದು ಅರಿವಿನ ಕೊರತೆಯಿಂದ ವ್ಯರ್ಥವಾಗಬಹುದು.

ಇಂಥಲ್ಲಿ ಬಲ್ಲವನ ನೆರವು ದೊಡ್ಡ ಉಪಕಾರ. ಆದರೆ ಈ ನಿಯಮಗಳು ಯಾರ ಸ್ವಂತ ಆಸ್ತಿಯೂ ಅಲ್ಲ. ಪ್ರಾಧಿಕಾರವೇ ಅವುಗಳನ್ನು ಪ್ರಕಟಿಸುತ್ತದೆ. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿಯನ್ನೂ ಯಾರು ಬೇಕಾದರೂ ನೋಡಬಹುದು. ಜೊತೆಯಲ್ಲಿ ಕುಳಿತು, ಓದಿ ಹೇಳಿ, ಅರ್ಜಿ ತುಂಬಿಸಿದ ಹೊತ್ತಿಗೆ ಕೂಲಿ ಪಡೆಯುವುದು ಒಂದು. ಎಲ್ಲರಿಗೂ ತೆರೆದಿರುವುದನ್ನು ತನ್ನ ಬಳಿಯಿರುವ ಗುಟ್ಟೆಂದು ತೋರಿಸಿ ಬೆಲೆ ಏರಿಸುವುದು ಇನ್ನೊಂದು. ಮೊದಲನೆಯದು ಸೇವೆ, ಎರಡನೆಯದು ಇನ್ನೊಬ್ಬರ ಅಜ್ಞಾನದ ಮೇಲೆ ಹಾಕಿದ ಸುಂಕ. ಕೇಳಿದವರಿಂದ ಜ್ಞಾನವನ್ನು ಬಚ್ಚಿಡುವವರಿಗೆ ಹದೀಸ್‌ನಲ್ಲಿ ಬಂದಿರುವ ಕಠಿಣ ಎಚ್ಚರಿಕೆ ನಮಗೆ ತಿಳಿದದ್ದೇ.

ಸಲಹೆಗೆ ಇನ್ನೊಂದು ಮುಖವೂ ಇದೆ. ಸಲಹೆ ಕೇಳಲ್ಪಟ್ಟವನು ಅಮಾನತ್ ವಹಿಸಿಕೊಂಡವನು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅಂದರೆ ಸಲಹೆಯ ಕ್ಷಣದಲ್ಲಿ ಅವನ ನಾಲಿಗೆ ಅವನದಲ್ಲ, ಕೇಳಿದವನದು. ಯಾವ ಕಾಲೇಜನ್ನು ಮೇಲೆ ಹಾಕಲಿ ಎಂದು ತಂದೆಯೊಬ್ಬ ಕೇಳುವಾಗ, ಒಂದು ಕಾಲೇಜಿನ ದಲ್ಲಾಳಿಯಿಂದ ತನಗೆ ಕಮಿಷನ್ ಬರುವುದೆಂಬುದನ್ನು ಮುಚ್ಚಿಟ್ಟು ಆ ಕಾಲೇಜನ್ನು ಹೊಗಳಿದರೆ? ಸರ್ಕಾರಿ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಇರುವ ಶುಲ್ಕದ ಅಂತರ ಸಾವಿರಕ್ಕೂ ಲಕ್ಷಕ್ಕೂ ಇರುವ ಅಂತರ. ಅಂಥ ಒಂದು ಮಾತಿನ ಮೇಲೆ ಒಂದು ಮನೆಯ ಜಮೀನು ಮಾರಾಟವಾಗುತ್ತದೆ, ತಾಯಿಯ ಬಂಗಾರ ಅಡವಿಗೆ ಹೋಗುತ್ತದೆ. ಎರಡೂ ಕಡೆಯಿಂದ ಹಣ ಪಡೆದು ಒಂದು ಕಡೆಯವರಿಗೆ ಮಾತ್ರ ನಿಷ್ಠನಾಗಿರುವುದು ಯಾವ ನ್ಯಾಯದಲ್ಲೂ ಸಲಹೆಯಲ್ಲ, ದ್ರೋಹ.

ಭರವಸೆಯ ರಾಶಿ

ಮೂರನೆಯದು ಭರವಸೆ. ಇದೇ ಅತ್ಯಂತ ಹೆಚ್ಚು ಬೆಲೆಗೆ ಮಾರಾಟವಾಗುವ ವಸ್ತು.

ಲೆಕ್ಕ ನೋಡಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಎಷ್ಟೇ ಒಳ್ಳೆಯ ಪಾಠ ನಡೆದರೂ ಬರೆದವರಲ್ಲಿ ಬಹುಪಾಲು ಮಂದಿಗೆ ಸೀಟು ಸಿಗಲು ಸಾಧ್ಯವೇ ಇಲ್ಲ. ಇದು ಗಣಿತ. ಹಾಗಿರುವಾಗ ನನ್ನ ಬಳಿ ಬಂದರೆ ಸೀಟು ಖಚಿತ ಎನ್ನುವವನು ತನ್ನ ಬಳಿಯಿಲ್ಲದ್ದನ್ನು ಮಾರುತ್ತಿದ್ದಾನೆ. ನೀರಿನಲ್ಲಿರುವ ಮೀನನ್ನು, ಆಕಾಶದಲ್ಲಿರುವ ಹಕ್ಕಿಯನ್ನು ಮಾರುವುದನ್ನು ಫಿಕ್ಹ್ ಗ್ರಂಥಗಳು ಗರರ್ ಎಂದು, ಅಂದರೆ ಅನಿಶ್ಚಿತವಾದುದರ ವ್ಯಾಪಾರವೆಂದು ಏಕೆ ತಡೆದವು ಎಂಬುದು ಇಲ್ಲಿ ಅರ್ಥವಾಗುತ್ತದೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗ ಪ್ರಸಿದ್ಧ. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಮಳೆಯಿಂದ ನೆನೆಯಿತು ಎಂದು ವರ್ತಕ ಹೇಳಿದಾಗ, ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂಬುದು ಅವರ ಉತ್ತರವಾಗಿತ್ತು. ಧಾನ್ಯ ನೆನೆದದ್ದು ವರ್ತಕನ ಅಪರಾಧವಾಗಿರಲಿಲ್ಲ, ಮಳೆ ಅವನ ಕೈಯಲ್ಲಿರಲಿಲ್ಲ. ನೆನೆದದ್ದನ್ನು ಅಡಿಗೆ ಹಾಕಿದ್ದು ಅಪರಾಧ.

ಈಗ ಪಾಠದ ಜಾಹೀರಾತುಗಳನ್ನು ನೋಡಿ. ಸೀಟು ಪಡೆದ ನಾಲ್ವರ ಭಾವಚಿತ್ರ ಮೇಲಿರುತ್ತದೆ. ಅವರೊಂದಿಗೇ ಕುಳಿತು ಕಲಿತು ಸೀಟು ಸಿಗದವರ ಲೆಕ್ಕ ರಾಶಿಯ ಅಡಿಯಲ್ಲಿರುತ್ತದೆ. ಸೀಟು ಪಡೆದವರಲ್ಲೂ ಯಾರು ಇವನ ಪಾಠದಿಂದ ಪಡೆದರು, ಯಾರು ಹೇಗಿದ್ದರೂ ಪಡೆಯುತ್ತಿದ್ದರು ಎಂದು ಹೇಳುವವರಿಲ್ಲ. ಸೋಲು ಕಲಿಸುವವನ ತಪ್ಪಲ್ಲದಿರಬಹುದು. ಅದನ್ನು ಮುಚ್ಚಿಡುವುದು ಮಾತ್ರ ಅವನದೇ ತಪ್ಪು. ಕೇಂದ್ರ ಶಿಕ್ಷಣ ಸಚಿವಾಲಯವೂ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕೋಚಿಂಗ್ ಕೇಂದ್ರಗಳು ರ‍್ಯಾಂಕಿನ ಖಾತರಿ ನೀಡಬಾರದು, ದಾರಿ ತಪ್ಪಿಸುವ ಆಶ್ವಾಸನೆ ಕೊಡಬಾರದು ಎಂದಿತು. ಸರ್ಕಾರ ಹೇಳುವ ಮೊದಲೇ ವಿಶ್ವಾಸಿಗೆ ಇದು ತಿಳಿದಿರಬೇಕಿತ್ತು.

ಸೀಟು ಸಿಕ್ಕರೆ ಮಾತ್ರ ಹಣ ಕೊಡಿ ಎನ್ನುವವರೂ ಇದ್ದಾರೆ. ಕೇಳಲು ಇದು ಬಹಳ ನ್ಯಾಯವಾಗಿ ತೋರುತ್ತದೆ. ಕೆಲಸ ಆದರೆ ಬಹುಮಾನ ಎಂಬ ಒಪ್ಪಂದ ನಮ್ಮ ಶಾಸ್ತ್ರಕ್ಕೆ ಅಪರಿಚಿತವಲ್ಲ. ಕಳೆದ ಪಾತ್ರೆಯನ್ನು ತಂದವನಿಗೆ ಒಂಟೆಯಷ್ಟು ಹೊರೆ ಕೊಡುವ ಮಾತು ಸೂರಃ ಯೂಸುಫ್‌ನಲ್ಲಿ ಬಂದಿದೆ. ಆದರೆ ಪಾತ್ರೆಯನ್ನು ಹುಡುಕಿ ತರುವುದು ಹುಡುಕುವವನ ಕೆಲಸ. ಸೀಟು ಕೊಡುವುದು ಈ ಯುವಕನ ಕೆಲಸವೇ? ಅದು ಮಗು ಪಡೆದ ರ‍್ಯಾಂಕಿನಿಂದ, ನಿಯಮದಿಂದ, ಕಂಪ್ಯೂಟರ್ ಮಾಡುವ ಹಂಚಿಕೆಯಿಂದ ಬರುತ್ತದೆ. ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಸೀಟಿಗೂ ನೀಟ್ ಅರ್ಹತೆ ಬೇಕು, ಅಧಿಕೃತ ಕೌನ್ಸೆಲಿಂಗ್ ಬೇಕು. ತಾನು ಕೊಡದ ವಸ್ತುವಿಗೆ ಬೆಲೆ ಪಡೆಯುವವನು, ಒಳಗೆ ತನಗೆ ಯಾರದೋ ಪರಿಚಯವಿದೆ ಎಂಬ ಭ್ರಮೆಯನ್ನು ಬಾಯಿಬಿಟ್ಟು ಹೇಳದೆಯೇ ಮಾರುತ್ತಾನೆ.

ಕೋಣೆಯಲ್ಲಿಲ್ಲದ ಮೂರನೆಯವನು

ನಾಲ್ಕನೆಯದು ತನ್ನನ್ನೇ ಮಾರಿಕೊಳ್ಳುವುದು. ಕಲಿಸುವುದನ್ನು ಬಿಟ್ಟು ಕಲಿಯುವವನ ಜಾಗದಲ್ಲಿ ತಾನೇ ನಿಲ್ಲುವುದು.

ಇದು ಕಲ್ಪನೆಯ ಮಾತಲ್ಲ. ಮಧ್ಯಪ್ರದೇಶದಲ್ಲಿ 2013ರಲ್ಲಿ ಬಯಲಿಗೆ ಬಂದ ವ್ಯಾಪಂ ಹಗರಣದಲ್ಲಿ ಒಂದು ವಿಧಾನಕ್ಕೆ ಎಂಜಿನ್ ಮತ್ತು ಬೋಗಿ ಎಂಬ ಹೆಸರೇ ಇತ್ತು. ಬುದ್ಧಿವಂತ ವಿದ್ಯಾರ್ಥಿ ಎಂಜಿನ್. ಅವನ ಹತ್ತಿರ ಕುಳಿತು ನೋಡಿ ಬರೆಯುವವರು ಬೋಗಿಗಳು. ಎಂಜಿನ್‌ಗಳಾಗಿ ಕುಳಿತವರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2024ರ ನೀಟ್ ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆಯಲ್ಲೂ ಸಿ.ಬಿ.ಐ. ಆ ಜುಲೈನಲ್ಲಿ ಪಾಟ್ನಾ ಏಮ್ಸ್‌ನ ವಿದ್ಯಾರ್ಥಿಗಳನ್ನು ಸೋರಿಕೆಯಾದ ಪತ್ರಿಕೆಗೆ ಉತ್ತರ ಸಿದ್ಧಪಡಿಸಿಕೊಟ್ಟ ಆರೋಪದ ಮೇಲೆ ಬಂಧಿಸಿತು. ದೇಶದ ಅತಿ ಕಠಿಣ ಪರೀಕ್ಷೆಯನ್ನು ಸ್ವಂತ ಬಲದಿಂದ ಗೆದ್ದು ಬಂದವರ ಹೆಸರು ಇಂಥ ಪ್ರಕರಣದಲ್ಲಿ ಕೇಳಿಬಂದಿತೆಂಬುದು ಎಷ್ಟು ವಿಷಾದದ ಸಂಗತಿ!

ಬಡ ಹುಡುಗನಿಗೆ ನೆರವಾದೆ, ನಾಳೆ ಅವನು ವೈದ್ಯನಾಗಿ ಹಳ್ಳಿಯ ಸೇವೆ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಟ್ಟ ದಾರಿಯಲ್ಲಿ ಬಂದ ಒಳಿತನ್ನು ಉಳಿಸಿಕೊಳ್ಳಬಹುದೇ? ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಈ ನೈತಿಕ ಪ್ರಶ್ನೆ ಬಂದಿತ್ತು. ವ್ಯಾಪಂ ಪ್ರಕರಣದಲ್ಲಿ 2008ರಿಂದ 2012ರ ನಡುವೆ ಅಕ್ರಮವಾಗಿ ಪ್ರವೇಶ ಪಡೆದವರಲ್ಲಿ ಹಲವರು ಅಷ್ಟರಲ್ಲಿ ಓದು ಮುಗಿಸಿದ್ದರು. 2016ರ ಮೇ ತಿಂಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠದಲ್ಲಿ ಒಮ್ಮತ ಮೂಡಲಿಲ್ಲ. ಅವರ ವೈದ್ಯಜ್ಞಾನ ಸಮಾಜಕ್ಕೆ ವ್ಯರ್ಥವಾಗುವುದು ಬೇಡ, ಐದು ವರ್ಷ ಸೈನ್ಯದಲ್ಲಿ ಸಂಬಳವಿಲ್ಲದೆ, ಜೀವನ ಭತ್ಯೆಯಷ್ಟೇ ಪಡೆದು ಸೇವೆ ಮಾಡಲಿ ಎಂಬುದು ನ್ಯಾಯಮೂರ್ತಿ ಚೆಲಮೇಶ್ವರ್ ಅವರ ಅಭಿಪ್ರಾಯವಾಗಿತ್ತು. ನ್ಯಾಯಮೂರ್ತಿ ಸಪ್ರೆ ಒಪ್ಪಲಿಲ್ಲ. 2017ರ ಫೆಬ್ರವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 634 ಮಂದಿಯ ಪ್ರವೇಶವನ್ನು ರದ್ದುಗೊಳಿಸಿತು.

ಮೊದಲ ಅಭಿಪ್ರಾಯದಲ್ಲಿ ಕರುಣೆಯಿದೆ, ಲೋಕಹಿತದ ಚಿಂತೆಯಿದೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ನನ್ನ ಮನಸ್ಸು ಎರಡನೆಯದರತ್ತ ವಾಲುತ್ತದೆ. ಕಾರಣವಿಷ್ಟೆ. ಈ ವ್ಯವಹಾರದಲ್ಲಿ ಕೊಡುವವನು, ಪಡೆಯುವವನು ಇಬ್ಬರೇ ಇರುವಂತೆ ಕಾಣುತ್ತದೆ. ನಿಜವಾಗಿ ಮೂರನೆಯವನೊಬ್ಬನಿದ್ದಾನೆ. ಅವನು ಆ ಕೋಣೆಯಲ್ಲಿಲ್ಲ. ತನ್ನಷ್ಟಕ್ಕೆ ಓದಿ, ಒಂದೆರಡು ಅಂಕಗಳಲ್ಲಿ ಸೀಟು ತಪ್ಪಿ, ಅದು ಏಕೆ ತಪ್ಪಿತೆಂದು ಎಂದೂ ತಿಳಿಯದೆ, ತನ್ನ ಹಣೆಬರಹವನ್ನೇ ಹಳಿದುಕೊಂಡು ಬೇರೆ ದಾರಿ ಹಿಡಿದವನು ಅವನು. ಅವನ ಮುಖ ಯಾರಿಗೂ ಗೊತ್ತಿಲ್ಲದ ಕಾರಣ ಅವನಿಂದ ಕ್ಷಮೆ ಕೇಳಲೂ ಸಾಧ್ಯವಿಲ್ಲ. ಮನುಷ್ಯನ ಹಕ್ಕನ್ನು ಕಸಿದವನು ಆ ಮನುಷ್ಯನಿಂದಲೇ ಬಿಡುಗಡೆ ಪಡೆಯಬೇಕೆಂದು ನಂಬುವ ನಮಗೆ ಇದಕ್ಕಿಂತ ಭಯಾನಕವಾದ ಸಾಲ ಬೇರೊಂದಿದೆಯೇ? ಪೇಟೆಯ ಶಾಲೆಯಲ್ಲಿ ಓದಿದ ಮಗುವಿಗೆ ಗ್ರಾಮೀಣ ಪ್ರಮಾಣಪತ್ರ ಮಾಡಿಸಿಕೊಡುವ ಸಣ್ಣ ಉಪಕಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಸೀಟು ಕಳೆದುಕೊಳ್ಳುವವನು ನಿಜವಾದ ಹಳ್ಳಿಯ ಹುಡುಗ.

ಹಾಗಾದರೆ ನೆರವಿಗೂ ಮೋಸಕ್ಕೂ ನಡುವಿನ ಗೆರೆ ಎಲ್ಲಿದೆ? ನನಗೆ ತೋರುವ ಉತ್ತರ ಇದು: ಯಾವ ನೆರವಿನ ನಂತರ ಪಡೆದವನಿಗೆ ನಿಮ್ಮ ಅಗತ್ಯ ಕಡಿಮೆಯಾಗುತ್ತದೆಯೋ ಅದು ಕಲಿಸುವಿಕೆ. ಯಾವ ನೆರವಿನ ನಂತರ ನಿಮ್ಮ ಕೆಲಸ ಅವನ ಹೆಸರಿನಲ್ಲಿ ನಿಲ್ಲುತ್ತದೆಯೋ ಅದು ಮೋಸ.

ಡಾಕ್ಟ್ರೇ ಎಂಬ ಕರೆ

ಇದೆಲ್ಲ ಯಾವ ಶಿಕ್ಷಕನಿಗೂ ಅನ್ವಯಿಸುವ ಮಾತು, ವೈದ್ಯಕೀಯ ವಿದ್ಯಾರ್ಥಿಯನ್ನೇ ಏಕೆ ಹಿಡಿದುಕೊಂಡಿರಿ ಎಂದು ಕೇಳಬಹುದು. ಕಾರಣವಿದೆ.

ನಮ್ಮ ಊರುಗಳಲ್ಲಿ ಹುಡುಗನೊಬ್ಬ ಮೆಡಿಕಲ್ ಕಾಲೇಜಿಗೆ ಸೇರಿದ ದಿನದಿಂದಲೇ ಜನ ಅವನನ್ನು 'ಡಾಕ್ಟ್ರೇ' ಎಂದು ಕರೆಯತೊಡಗುತ್ತಾರೆ. ಅವನು ನಾಚಿಕೆಯಿಂದ ನಗುತ್ತಾನೆ. ನಾಲ್ಕೂವರೆ ವರ್ಷದ ಓದು ಇದೆ, ಒಂದು ವರ್ಷದ ಇಂಟರ್ನ್‌ಶಿಪ್ ಇದೆ, ಇನ್ನೂ ದೂರವಿದೆ ಎನ್ನುತ್ತಾನೆ. ಆದರೆ ಅವನ ಮುಂದೆ ಕುಳಿತ ಆ ತಂದೆಯನ್ನು ನೋಡಿ. ಅವನಿಗೆ ವಿಷಯ ತಿಳಿಯದು, ಭಯವಿದೆ, ಮಗಳ ಬದುಕಿನ ಚಿಂತೆಯಿದೆ. ಸಾಲ ಮಾಡಿಯಾದರೂ ಹಣ ಕೊಡಲು ಸಿದ್ಧನಿದ್ದಾನೆ. ಎದುರಿಗಿರುವವನಿಗೆ ಎಲ್ಲ ತಿಳಿದಿದೆ ಎಂದು ನಂಬಿದ್ದಾನೆ. ನಾಳೆ ಆಸ್ಪತ್ರೆಯಲ್ಲಿ ರೋಗಿಯ ತಂದೆಯಾಗಿ ಬಂದು ಕುಳಿತುಕೊಳ್ಳುವವನೂ ಇವನೇ ಅಲ್ಲವೇ? ಅಂದೂ ಒಬ್ಬನಿಗೆ ತಿಳಿದಿರುತ್ತದೆ, ಇನ್ನೊಬ್ಬನಿಗೆ ತಿಳಿದಿರುವುದಿಲ್ಲ. ನಡುವೆ ಭಯವೂ ಹಣವೂ ಇರುತ್ತವೆ.

ಇಂದು ಸೀಟು ಖಚಿತ ಎಂದು ಹೇಳಿ ಅಭ್ಯಾಸವಾದ ನಾಲಿಗೆ ನಾಳೆ ಗುಣವಾಗುವುದು ಖಚಿತ ಎನ್ನಲು ಹಿಂಜರಿಯುವುದಿಲ್ಲ. ಇಂದು ಬೇಕಿಲ್ಲದ ಕ್ರ್ಯಾಶ್ ಕೋರ್ಸಿಗೆ ಸೇರಿಸಿದವನಿಗೆ ನಾಳೆ ಬೇಕಿಲ್ಲದ ಸ್ಕ್ಯಾನಿಂಗ್ ಬರೆದುಕೊಡುವುದು ಕಷ್ಟವಾಗುವುದಿಲ್ಲ. ಇಂದು ಕಾಲೇಜಿನ ಕಮಿಷನ್ ಪಡೆದ ಕೈ ನಾಳೆ ಲ್ಯಾಬಿನ ಕಮಿಷನ್ನಿಗೂ ಚಾಚುತ್ತದೆ. ಅದಕ್ಕೆ ಬದಲಾಗಿ, ಈ ವರ್ಷದ ತಯಾರಿ ಸಾಲದು, ನಿನ್ನ ಆಸಕ್ತಿ ಬೇರೆ ಕಡೆ ಇರುವಂತಿದೆ, ನರ್ಸಿಂಗ್ ಇದೆ, ಫಾರ್ಮಸಿ ಇದೆ, ಮೂಲವಿಜ್ಞಾನ ಇದೆ ಎಂದು ಮೃದುವಾಗಿ, ಆದರೆ ನಿಜವನ್ನೇ ಹೇಳಿ, ಬರಬಹುದಾದ ಒಂದು ಶುಲ್ಕವನ್ನು ಕಳೆದುಕೊಂಡವನು ಕಹಿ ಸುದ್ದಿಯನ್ನು ತಿಳಿಸುವ ವೈದ್ಯನ ಮೊದಲ ಪಾಠವನ್ನು ಆಗಲೇ ಕಲಿತಿದ್ದಾನೆ. ವೈದ್ಯನ ಶೀಲ ಪದವಿ ಪ್ರದಾನದ ದಿನ ಪ್ರತಿಜ್ಞೆಯೊಂದಿಗೆ ಹುಟ್ಟುವುದಿಲ್ಲ. ಬಹಳ ಮೊದಲೇ, ಇಂಥ ಸಣ್ಣ ಹಣದ ಮುಂದೆ, ಯಾರೂ ನೋಡದ ಹೊತ್ತಿನಲ್ಲಿ ರೂಪುಗೊಳ್ಳುತ್ತದೆ.

ಪಾಲಕರೇ, ನಿಮಗೊಂದು ಮಾತು. ಹಣ ಕೊಡುವ ಮೊದಲು, ನಾನು ಕೊಳ್ಳುತ್ತಿರುವುದು ಇವನ ಸಮಯವನ್ನೋ, ನನ್ನದೇ ಭಯವನ್ನೋ ಎಂದು ಕೇಳಿಕೊಳ್ಳಿ. ಸಮಯಕ್ಕಾದರೆ ಸಂತೋಷದಿಂದ ಕೊಡಿ, ಚೌಕಾಸಿ ಮಾಡಬೇಡಿ. ದುಡಿದವನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂಬ ಬೋಧನೆ ನಿಮ್ಮ ಮೇಲೂ ಇದೆ. ಭಯಕ್ಕಾದರೆ ಕೈ ಹಿಂತೆಗೆಯಿರಿ. ಅಡ್ಡದಾರಿಯಿದ್ದರೆ ಹೇಳು ಎಂದು ನೀವೇ ಆ ಹುಡುಗನನ್ನು ಕೇಳಬೇಡಿ. ಎಷ್ಟೋ ಯುವಕರನ್ನು ಕೆಡಿಸುವುದು ಅವರ ದುರಾಸೆಯಲ್ಲ, ಪಾಲಕರ ಆತುರ.

ಪಾಠ ಹೇಳುವ ತಮ್ಮನೇ, ತಂಗಿಯೇ, ನೀವು ಕುಳಿತಿರುವ ಸರ್ಕಾರಿ ಸೀಟಿನ ಖರ್ಚಿನಲ್ಲಿ ನಿಮ್ಮ ತಂದೆಯ ಪಾಲು ಚಿಕ್ಕದು. ಬೆಂಕಿಪೊಟ್ಟಣ, ಸಾಬೂನು ಕೊಂಡ ಕೂಲಿಯಾಳು ಕಟ್ಟಿದ ತೆರಿಗೆಯೂ ಅದರಲ್ಲಿದೆ. ಆದ್ದರಿಂದ ಕೂಲಿ ಪಡೆಯಿರಿ, ಅದು ನಿಮ್ಮ ಹಕ್ಕು. ಆದರೆ ಕೊಡಲಾಗದ ಮಗು ಬಾಗಿಲಲ್ಲಿ ನಿಂತಾಗ ಅದಕ್ಕೂ ಒಂದು ಜಾಗವಿರಲಿ. ನಿಯಮಗಳನ್ನು ವರ್ಷಕ್ಕೊಮ್ಮೆ ಊರಿನ ಶಾಲೆಯಲ್ಲೋ ಮಸೀದಿಯ ಸಭಾಂಗಣದಲ್ಲೋ ಎಲ್ಲ ಜಾತಿ ಮತಗಳ ಮಕ್ಕಳನ್ನು ಕೂರಿಸಿಕೊಂಡು ಉಚಿತವಾಗಿ ವಿವರಿಸಿ. ನಿಮ್ಮ ಬಳಿ ಕಲಿತವರಲ್ಲಿ ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬುದರೊಂದಿಗೆ ಎಷ್ಟು ಮಂದಿಗೆ ಸಿಗಲಿಲ್ಲ ಎಂಬುದನ್ನೂ ಕೇಳುವ ಮೊದಲೇ ಹೇಳಿಬಿಡಿ. ಇದರಿಂದ ಬರುವವರು ನಾಲ್ವರು ಕಡಿಮೆಯಾಗಬಹುದು. ಬಂದವರು ಮಾತ್ರ ನಿಮ್ಮ ಮಾತನ್ನು ನಂಬಿ ಬಂದಿರುತ್ತಾರೆ. ಹಾಗೆ ಗಳಿಸಿದ ನಂಬಿಕೆಯನ್ನು ಅಲ್ಲಾಹನು ನಿಮ್ಮ ಕೈಯಲ್ಲಿ ಉಳಿಸಲಿ, ಮುಂದೆ ನಿಮ್ಮ ಬಳಿಗೆ ಬರುವ ರೋಗಿಗಳಿಗೂ ಅದು ಸಿಗಲಿ.